ಕಾಗದದಲ್ಲಿಲ್ಲದ ಗೇಣಿ

ಕೃಷ್ಣಮೂರ್ತಿಪುರದ ನಮ್ಮ ಮನೆಗೆ ಹುಣಸೂರು ಕಡೆಯ ರೈತರೊಬ್ಬರು ಹಲವು ವರ್ಷಗಳಿಂದ ಸುಗ್ಗಿ ಮುಗಿದೊಡನೆ ರಾಗಿ ತಂದುಕೊಡುತ್ತಿದ್ದರು. ಜೊತೆಗೆ ಒಂದು ಚೀಲ ಅವರೆಕಾಯಿ. ಕಳೆದ ಸುಗ್ಗಿಯಲ್ಲಿ ಅವರು ಬರಿಗೈಯಲ್ಲಿ ಬಂದರು. ಇದ್ದ ಮೂರು ಎಕರೆಯನ್ನೂ ಶುಂಠಿಗೆ ಗುತ್ತಿಗೆ ಕೊಟ್ಟು, ಮನೆಯ ಊಟಕ್ಕೂ ರಾಗಿಯನ್ನು ಅಂಗಡಿಯಿಂದ ತರುತ್ತಿರುವುದಾಗಿ ಸಂಕೋಚದಿಂದಲೇ ಹೇಳಿದರು.

ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಇದು ಒಬ್ಬರ ಕಥೆಯಲ್ಲ. ಕೇರಳದ, ಅದರಲ್ಲೂ ವಯನಾಡಿನ ಬೆಳೆಗಾರರು ಇಲ್ಲಿ ಗುತ್ತಿಗೆಗೆ ಭೂಮಿ ಹಿಡಿಯುವುದು ದಶಕಗಳಿಂದ ನಡೆದಿದೆ. ಒಮ್ಮೆ ಶುಂಠಿ ಬೆಳೆದ ಮಣ್ಣಿನಲ್ಲಿ ಕೊಳೆರೋಗದ ಸೋಂಕು ಉಳಿಯುವುದರಿಂದ ಮರುವರ್ಷ ಅಲ್ಲೇ ಶುಂಠಿ ಹಾಕುವವರು ವಿರಳ; ಗುತ್ತಿಗೆದಾರ ಮುಂದಿನ ಹೊಲಕ್ಕೆ ಹೊರಡುತ್ತಾನೆ. ಹಾಗೆ ಹೊರಡುವವನಿಗೆ ಹಿಂದಿನ ಹೊಲದ ಮಣ್ಣಿನ ಬಗ್ಗೆ ಚಿಂತಿಸಲು ಆರ್ಥಿಕ ಕಾರಣವೇ ಇಲ್ಲ. ಇದರಲ್ಲಿ ಅವನ ಊರು, ಭಾಷೆಗಳದ್ದೇನೂ ತಪ್ಪಿಲ್ಲ.

ರಾಗಿ ಹೊಲದ ಲೆಕ್ಕವೇ ಬೇರೆ. ರಾಗಿಯ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಹರಳು, ಸಾಸಿವೆ ಬರುತ್ತಿದ್ದವು. ಮಳೆ ಕೈಕೊಟ್ಟರೆ ಒಂದಲ್ಲದಿದ್ದರೆ ಇನ್ನೊಂದು ಕೈಹಿಡಿಯುತ್ತಿತ್ತು. ಹುಲ್ಲು ದನಕ್ಕೆ, ಗೊಬ್ಬರ ಹೊಲಕ್ಕೆ; ಬಿತ್ತನೆ ಬೀಜ ಮನೆಯ ಹೆಂಗಸರ ಉಸ್ತುವಾರಿ. ಶುಂಠಿ ಬಂದ ಮೇಲೆ ಮೇವಿಲ್ಲದೆ ದನ ಮಾರಾಟವಾಗುತ್ತದೆ, ಏರುಮಡಿಗಳಿಗಾಗಿ ಬದು ಒಡೆಯುತ್ತದೆ, ನೆರಳಿನ ನೆಪದಲ್ಲಿ ಹೊಂಗೆ ಉರುಳುತ್ತದೆ, ಕೊಳವೆಬಾವಿ ಆಳಕ್ಕಿಳಿಯುತ್ತದೆ. ಎಕರೆವಾರು ಆದಾಯದ ಕೋಷ್ಟಕದಲ್ಲಿ ಇವುಗಳಿಗೆ ಕಾಲಂ ಇಲ್ಲ. (ಅಂತಹ ಕೋಷ್ಟಕಗಳನ್ನು ನಾನೂ ಸಾಕಷ್ಟು ತಯಾರಿಸಿದ್ದೇನೆ.)

ಹಾಗೆಂದು ರೈತನಿಗೆ ಬುದ್ಧಿ ಹೇಳುವುದು ಸರಿಯಲ್ಲ. ಮುಂಗಡವಾಗಿ ಸಿಗುವ ಇಡಿಗಂಟು ಸಾಲ ತೀರಿಸುತ್ತದೆ, ಮಗಳ ಮದುವೆ ಮಾಡಿಸುತ್ತದೆ. ರಾಗಿ ಇದನ್ನು ಮಾಡದು. ಆದರೆ 2023ರಲ್ಲಿ 60 ಕೆ.ಜಿ. ಶುಂಠಿ ಮೂಟೆ 20 ಸಾವಿರ ರೂಪಾಯಿ ದಾಟಿದಾಗ ಲಾಭ ಕಂಡವರು ಬೆಳೆದವರು. ಗುತ್ತಿಗೆ ಕೊಟ್ಟವರಿಗೆ ದಕ್ಕಿದ್ದು ಮೊದಲೇ ಗೊತ್ತುಮಾಡಿಕೊಂಡ ಹಣವಷ್ಟೆ.

ವಿಪರ್ಯಾಸವೆಂದರೆ, ಗೇಣಿ ಪದ್ಧತಿಗೆ ಕೊನೆ ಹಾಡಿದ 1974ರ ಭೂಸುಧಾರಣಾ ತಿದ್ದುಪಡಿಯ ಹಿಂದಿದ್ದ ದೇವರಾಜ ಅರಸರು ಇದೇ ಹುಣಸೂರಿನವರು. ಅಂದು ಬಲಿಷ್ಠನಾಗಿದ್ದವನು ಭೂಮಾಲೀಕ, ದುರ್ಬಲನಾಗಿದ್ದವನು ಗೇಣಿದಾರ. ಇಂದು ಬಂಡವಾಳವಿರುವುದು ಗೇಣಿದಾರನ ಬಳಿ. ಗೇಣಿ ನಿಷಿದ್ಧವಾದ್ದರಿಂದ ಒಪ್ಪಂದ ಬಾಯಿಮಾತಿನದು ಅಥವಾ ಕಾನೂನಿನ ಮುಂದೆ ನಿಲ್ಲದ ಕಾಗದದ್ದು; ಪಹಣಿಯಲ್ಲಿ ಸಾಗುವಳಿದಾರ ಎಂದಿರುವುದು ಮಾಲೀಕನ ಹೆಸರೇ. ಹೊಲ ಹಾಳಾದರೆ ದೂರು ಕೊಡಲು ದಾಖಲೆಯಿಲ್ಲ, ಬೆಳೆ ಹಾಳಾದರೆ ಬೆಳೆದವನಿಗೆ ಪರಿಹಾರವಿಲ್ಲ. ನೀತಿ ಆಯೋಗ 2016ರಲ್ಲಿಯೇ ಮಾದರಿ ಗುತ್ತಿಗೆ ಕಾಯ್ದೆಯನ್ನು ರಾಜ್ಯಗಳ ಮುಂದಿಟ್ಟಿತು. ನಮ್ಮ ರಾಜ್ಯ 2020ರಲ್ಲಿ ಭೂಮಿ ಕೊಳ್ಳುವವರ ಮೇಲಿದ್ದ ನಿರ್ಬಂಧಗಳನ್ನು ತೆಗೆಯಿತೇ ಹೊರತು ಈ ಗಂಟನ್ನು ಬಿಚ್ಚಲಿಲ್ಲ.

ಗೇಣಿದಾರನಿಗೆ ಒಡೆತನದ ಹಕ್ಕು ಹುಟ್ಟದಂತೆ, ಒಂದೆರಡು ವರ್ಷದ ಲಿಖಿತ ಗುತ್ತಿಗೆಗೆ ಅವಕಾಶ ಕೊಡಬಹುದು. ಗ್ರಾಮ ಪಂಚಾಯಿತಿಯಲ್ಲಿ ಅದು ದಾಖಲಾಗಲಿ. ಬದು, ಮರ, ಕೊಳವೆಬಾವಿ, ಔಷಧಿ ಬಳಕೆಯ ಷರತ್ತುಗಳು ಅದರಲ್ಲಿರಲಿ. ಹೊಲವನ್ನು ಮೊದಲಿನ ಸ್ಥಿತಿಗೆ ತಂದೊಪ್ಪಿಸಲು ಠೇವಣಿಯೂ ಇರಲಿ.

ನಮ್ಮ ರೈತರ ಹೊಲ ಮುಂದಿನ ವರ್ಷ ಅವರ ಕೈಗೆ ಮರಳಲಿದೆ. ರಾಗಿಯನ್ನೇ ಬಿತ್ತುವ ಯೋಚನೆಯಿದೆಯಂತೆ. ಅವರೆಯ ಬಿತ್ತನೆ ಬೀಜ ಮಾತ್ರ ಮನೆಯಲ್ಲಿ ಉಳಿದಿಲ್ಲ ಎಂದರು.