ಸೂಜಿ ಬಿಡಿ, ತಟ್ಟೆ ನೋಡಿ

ಮರಿನಾಯಿಗೆ ತಿಂಗಳುಗಟ್ಟಲೆ ಬೇಧಿ. ಒಂದು ದಿನ ಗಟ್ಟಿ, ಎರಡು ದಿನ ನೀರು. ಆಗಾಗ ವಾಂತಿ. ಎಷ್ಟು ಹಾಕಿದರೂ ಪಕ್ಕೆಲುಬು ಎಣಿಸಬಹುದು. ಕಿವಿ ಕೆರೆದುಕೊಳ್ಳುತ್ತದೆ, ಕಾಲ್ಬೆರಳ ಸಂದಿ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ನಿಮ್ಮ ಬೀದಿಯಲ್ಲಿ ಇಂಥ ಒಂದು ನಾಯಿ ಇದ್ದೇ ಇರುತ್ತದೆ. ಇದಕ್ಕೆ ಊರಲ್ಲಿ ಎಲ್ಲರ ಬಾಯಲ್ಲೂ ಇರುವ ಔಷಧಿ ಒಂದೇ: "ಒಂದು ಇಂಜೆಕ್ಷನ್ ಹಾಕಿಸಿಬಿಡಿ."

ಹಾಕಿಸುತ್ತಾರೆ. ಮೂರು ದಿನ ನಾಯಿ ಚೆನ್ನಾಗಿರುತ್ತದೆ. ನಾಲ್ಕನೇ ದಿನ ಮತ್ತೆ ಅದೇ ಕಥೆ. ಮತ್ತೆ ಸೂಜಿ. ನಡುವೆ ಮೆಡಿಕಲ್ ಶಾಪಿನಿಂದ ಮನುಷ್ಯರ ಬೇಧಿ ಮಾತ್ರೆ ಅರ್ಧ ಮುರಿದು ಕೊಡುವುದೂ ನಡೆಯುತ್ತದೆ. ಹೀಗೆ ಎರಡು ಮೂರು ತಿಂಗಳು ಕಳೆದ ಮೇಲೆ ಮನೆಯವರಿಗೆ ಸಾಕಾಗುತ್ತದೆ. ದಿನಾ ಅಂಗಳ ತೊಳೆಯುವ ಹೆಂಗಸರಿಗೆ ಅದಕ್ಕೂ ಮೊದಲೇ ಸಾಕಾಗಿರುತ್ತದೆ. ಒಂದು ಸಂಜೆ ನಾಯಿಯನ್ನು ಬೈಕಿನಲ್ಲೋ ಗೂಡ್ಸ್ ಆಟೋದಲ್ಲೋ ಒಯ್ದು ಹೆದ್ದಾರಿ ಡಾಬಾದ ಹತ್ತಿರ ಬಿಟ್ಟು ಬರುತ್ತಾರೆ. "ಅಲ್ಲಿ ಏನಾದರೂ ತಿಂದ್ಕೊಂಡು ಬದುಕುತ್ತೆ ಬಿಡು." ಹೊಟ್ಟೆ ಕೆಟ್ಟ ನಾಯಿ ಡಾಬಾದ ಎಲುಬು, ಎಣ್ಣೆ ಅನ್ನ ತಿಂದು ಬದುಕುವುದಿಲ್ಲ. ಹೊಟ್ಟೆ ಕೆಟ್ಟಿದ್ದೇ ಅಂಥ ತಿನಿಸಿನಿಂದ.

ನಾವು ಹೇಳುವುದು ಇಷ್ಟೇ. ಇಂಥ ಬಹುಪಾಲು ನಾಯಿಗಳನ್ನು ಕೊಲ್ಲುವುದು ರೋಗವಲ್ಲ, ಸೂಜಿಯ ಮೇಲಿನ ನಮ್ಮ ನಂಬಿಕೆ. ಮೂರು ವಾರ ದಾಟಿದ ಬೇಧಿಯನ್ನು ಪಶುವೈದ್ಯರು ದೀರ್ಘಕಾಲದ ಕರುಳಿನ ಕಾಯಿಲೆ ಎಂದು ಬೇರೆಯಾಗಿಯೇ ನೋಡುತ್ತಾರೆ. ಜಂತುಹುಳು ಕಳೆದ ಮೇಲೂ ಎಳೆಯ ನಾಯಿಯ ಬೇಧಿ ನಿಲ್ಲದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅದರ ತಟ್ಟೆಯನ್ನು. ಆಹಾರ ಬದಲಿಸಿದರೆ ಸುಧಾರಿಸುವ ನಾಯಿಗಳೇ ಇವುಗಳಲ್ಲಿ ಹೆಚ್ಚು. ಆ ಚಿಕಿತ್ಸೆ ನಡೆಯಬೇಕಾದ ಜಾಗ ನಮ್ಮ ಅಡುಗೆಮನೆ.

ಆ ಸೂಜಿಯಲ್ಲಿ ಏನಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಸಾಮಾನ್ಯವಾಗಿ ಒಂದು ಆಂಟಿಬಯಾಟಿಕ್, ಜೊತೆಗೆ ಒಂದು ಸ್ಟೀರಾಯ್ಡ್. ಸ್ಟೀರಾಯ್ಡ್ ಉರಿಯನ್ನೂ ತುರಿಕೆಯನ್ನೂ ಅದುಮಿ ಹಿಡಿಯುತ್ತದೆ, ಅದಕ್ಕೇ ಮೂರು ದಿನದ ನೆಮ್ಮದಿ. ಅದರ ಕಾವು ಇಳಿದ ಕೂಡಲೇ ರೋಗ ಎದ್ದು ನಿಲ್ಲುತ್ತದೆ. ಕೆಲವು ಕಾಯಿಲೆಗೆ ಸ್ಟೀರಾಯ್ಡ್ ಬೇಕೇ ಬೇಕು, ಅದನ್ನು ನಾವು ಬೈಯುತ್ತಿಲ್ಲ. ಕಾಯಿಲೆ ಏನೆಂದು ನೋಡದೆ ಕೊಟ್ಟ ಸ್ಟೀರಾಯ್ಡ್ ಮಾತ್ರ ರೋಗವನ್ನು ಮುಚ್ಚಿಡುತ್ತದೆ, ಮರಿಯ ರೋಗ ತಡೆಯುವ ಶಕ್ತಿಯನ್ನೂ ಕುಂದಿಸುತ್ತದೆ. ಇನ್ನು ಬೇಧಿಗೆಂದು ಕೊಡುವ ಮೆಟ್ರೋನಿಡಜೋಲ್‌ನಂಥ ಔಷಧಿ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಸಾಯಿಸುತ್ತದೆ. ಅವು ಮತ್ತೆ ಚೇತರಿಸಿಕೊಳ್ಳಲು ವಾರಗಳೇ ಬೇಕು. ಅಷ್ಟರಲ್ಲಿ ನಾವು ಮುಂದಿನ ಸೂಜಿಗೆ ಸಾಲು ನಿಂತಿರುತ್ತೇವೆ.

ಈಗ ತಟ್ಟೆಗೆ ಬನ್ನಿ. ಆಹಾರದ ಅಲರ್ಜಿ ಇದ್ದ 297 ನಾಯಿಗಳ ವಿವರಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ದನದ ಮಾಂಸ ಶೇ 34, ಹಾಲಿನ ಪದಾರ್ಥ ಶೇ 17, ಕೋಳಿ ಶೇ 15, ಗೋಧಿ ಶೇ 13 ನಾಯಿಗಳಿಗೆ ಆಗಿಬರಲಿಲ್ಲ ಎಂದಿದೆ. ಮೊದಲನೆಯದನ್ನು ಪಕ್ಕಕ್ಕಿಡಿ. ಉಳಿದ ಮೂರನ್ನು ನೋಡಿ: ಹಾಲು, ಕೋಳಿ, ಗೋಧಿ. ನಾವು ಮುದ್ದಿನಿಂದ ಮರಿಗೆ ಹಾಕುವುದೇ ಈ ಮೂರು. ಬೆಳಿಗ್ಗೆ ಹಾಲು, ಮಧ್ಯಾಹ್ನ ಚಪಾತಿ, ಭಾನುವಾರ ಕೋಳಿ ಅಂಗಡಿಯ ಕಾಲು, ತಲೆ, ಚರ್ಮ. ಹೊತ್ತು ಹೊತ್ತಿಗೆ ಬಿಸ್ಕತ್ತು, ಅದರಲ್ಲಿ ಗೋಧಿಯೂ ಉಂಟು, ಹಾಲೂ ಉಂಟು, ಮೇಲೆ ಸಕ್ಕರೆ.

"ಹುಟ್ಟಿದಾಗಿನಿಂದ ಇದನ್ನೇ ತಿಂದಿದೆ, ಈಗ ಎಲ್ಲಿಂದ ಬಂತು ಅಲರ್ಜಿ?" ಎಂದು ಕೇಳುತ್ತಾರೆ. ಅಲರ್ಜಿ ಬರುವುದು ತಿಂದು ರೂಢಿಯಾದದ್ದಕ್ಕೇ. ಮೈ ಒಂದು ಪದಾರ್ಥವನ್ನು ಗುರುತು ಹಿಡಿದು ಶತ್ರು ಎಂದುಕೊಳ್ಳಬೇಕಾದರೆ ಅದು ಮೊದಲು ಒಳಗೆ ಹೋಗಿರಬೇಕು. ಹಾಲಿನದು ಇನ್ನೊಂದು ಕಥೆಯೂ ಇದೆ. ತಾಯಿಹಾಲು ಬಿಟ್ಟ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಬಹಳ ನಾಯಿಗಳಲ್ಲಿ ಕಡಿಮೆಯಾಗುತ್ತದೆ. ಅದು ಅಲರ್ಜಿ ಅಲ್ಲ, ಆದರೆ ಬೇಧಿಯಂತೂ ಆಗುತ್ತದೆ. ನಾಯಿ ಹೊಟ್ಟೆಗೆ ತುಪ್ಪ ದಕ್ಕುವುದಿಲ್ಲ ಎನ್ನುವ ಗಾದೆಯನ್ನು ನಾವು ಮನುಷ್ಯರನ್ನು ಹಂಗಿಸಲು ಬಳಸುತ್ತೇವೆ. ನಾಯಿಯ ವಿಷಯಕ್ಕೆ ಬಂದಾಗ ಮಾತ್ರ ಮರೆಯುತ್ತೇವೆ.

ಇನ್ನೊಂದು ಮಾತು ಹಿರಿಯರದು. "ನಮ್ಮ ಕಾಲದಲ್ಲಿ ನಾಯಿ ಮುದ್ದೆ ತಿಂದು, ಅಂಬಲಿ ಕುಡಿದು ಹದಿನಾರು ವರ್ಷ ಬದುಕ್ತಿತ್ತು. ಈ ಅಲರ್ಜಿ ಗಿಲರ್ಜಿ ಎಲ್ಲ ಪ್ಯಾಟೆ ಕಾಯಿಲೆ." ಬದುಕಿದ ಒಂದು ನಾಯಿಯ ಹೆಸರು ಎಲ್ಲರಿಗೂ ನೆನಪಿದೆ. ಅದರ ಜೊತೆಗೆ ಹುಟ್ಟಿ ಬಣವೆ ಹಿಂದೆ ಸತ್ತ ಐದು ಮರಿಗಳಿಗೆ ಹೆಸರೇ ಇಟ್ಟಿರಲಿಲ್ಲ, ಲೆಕ್ಕ ಎಲ್ಲಿ ಸಿಗಬೇಕು? ಆದರೂ ಅಜ್ಜನ ಮಾತಿನಲ್ಲಿ ಒಂದು ಸತ್ಯ ಇದೆ. ಅವತ್ತಿನ ನಾಯಿ ದಿನಾ ಒಂದೇ ಬಗೆಯ ಊಟ ಮಾಡುತ್ತಿತ್ತು. ಇವತ್ತಿನದಕ್ಕೆ ದಿನಕ್ಕೆ ಹತ್ತು ಬಗೆ. ನಾವು ಕೇಳುತ್ತಿರುವುದೂ ಎಂಟು ವಾರದ ಮಟ್ಟಿಗೆ ಅದೇ ಒಂದೇ ಊಟವನ್ನು.

ಮಾಡುವುದು ಹೇಗೆ? ಮೊದಲು ಜಂತುಹುಳು. ಮರಿಗಳಲ್ಲಿ ದುಂಡುಹುಳು, ಕೊಕ್ಕೆಹುಳು ತಾಯಿಯಿಂದಲೇ ಬರುತ್ತವೆ. ಕೊಕ್ಕೆಹುಳು ರಕ್ತ ಹೀರಿ ಮರಿಯನ್ನು ಬಿಳಿಚುವಂತೆ ಮಾಡುತ್ತದೆ. ಹುಟ್ಟಿದ ಎರಡನೇ ವಾರದಿಂದಲೇ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ ಜಂತಿನ ಔಷಧಿ ಕೊಡಿಸಬೇಕು. ದನ ಕುರಿಗೆ ತಂದ ಜಂತಿನ ಔಷಧಿ ಉಳಿದಿದೆ ಎಂದು ಅಂದಾಜಿನ ಮೇಲೆ ನಾಯಿಗೆ ಹಾಕಬೇಡಿ, ಕೆಲವು ತಳಿಗಳಿಗೆ ಅದು ಪ್ರಾಣಕ್ಕೇ ಬರುತ್ತದೆ. ಒಂದು ಚಿಕ್ಕ ಡಬ್ಬಿಯಲ್ಲಿ ಮಲ ಒಯ್ದು ಪರೀಕ್ಷೆ ಮಾಡಿಸಿ. ಜಿಯಾರ್ಡಿಯಾ ಎನ್ನುವ ಸೂಕ್ಷ್ಮ ಪರಾವಲಂಬಿಯೂ ಇಂಥ ಬೇಧಿ ತರುತ್ತದೆ. ಅದನ್ನು ಬರಿಗಣ್ಣಿನಲ್ಲಿ ಕಾಣಲಾಗದು.

ಆಮೇಲೆ ಊಟ. ನಾಯಿ ಇದುವರೆಗೆ ತಿಂದಿರದ ಒಂದು ಮಾಂಸ ಅಥವಾ ಮೀನು, ತಿಂದಿರದ ಒಂದು ಧಾನ್ಯ ಅಥವಾ ಗೆಡ್ಡೆ. ಎರಡೇ. ಬಯಲುಸೀಮೆಯಲ್ಲಿ ಮುಳ್ಳು ತೆಗೆದ ಕೆರೆ ಮೀನು ಮತ್ತು ಗೆಣಸು ಆಗಬಹುದು. ಮಲೆನಾಡಿನಲ್ಲಿ ಕೊಬ್ಬು ತೆಗೆದ ಹಂದಿ ಮಾಂಸ ಮತ್ತು ಸಿಹಿಗುಂಬಳ. ಬಡಗಣ ಊರುಗಳಲ್ಲಿ ಕುರಿ ಮಾಂಸ ಮತ್ತು ನವಣೆ. ಕರಾವಳಿಯ ನಾಯಿ ಮೀನು ತಿಂದೇ ಬೆಳೆದಿದ್ದರೆ ಮೀನು ಬಿಟ್ಟು ಬೇರೆ ಹುಡುಕಿ. ಕೋಳಿ ತಿಂದ ನಾಯಿಗೆ ಮೊದಲ ಸುತ್ತಿನಲ್ಲಿ ಮೊಟ್ಟೆಯನ್ನೂ ಬಿಡುವುದು ಕ್ಷೇಮ. ಬರೀ ನೀರಿನಲ್ಲಿ ಬೇಯಿಸಿ. ಖಾರ, ಮಸಾಲೆ, ಒಗ್ಗರಣೆ ಬೇಡ. ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೇ ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಹಳೆಯ ಊಟಕ್ಕೆ ಹೊಸದನ್ನು ನಾಲ್ಕೈದು ದಿನ ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಬದಲಿಸಿ. ಒಂದೇ ಸಲ ತುಂಬ ಹಾಕಬೇಡಿ, ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಹಾಕಿ. ಬೆಳೆಯುವ ಮರಿಗೆ ಈ ಎರಡೇ ಪದಾರ್ಥದಲ್ಲಿ ಸುಣ್ಣದಂಶ ಸಾಲದು. ಕ್ಯಾಲ್ಸಿಯಂ ಎಷ್ಟು ಎಂದು ಡಾಕ್ಟರನ್ನು ಕೇಳಿ, ಕೋಳಿ ರುಚಿ ಬೆರೆಸದ್ದನ್ನೇ ಕೇಳಿ ಪಡೆಯಿರಿ. ಜಂತಿನ ಮಾತ್ರೆಯಲ್ಲೂ ಮಾಂಸದ ರುಚಿ ಹಾಕಿರುವುದುಂಟು. ಮೀನು ಮಾಂಸ ಒಳಗೆ ಬರಕೂಡದು ಎನ್ನುವ ಮನೆಯವರು ಹಿತ್ತಿಲಲ್ಲಿ ಒಲೆ ಹೂಡಲಿ. ಅದೂ ಆಗದಿದ್ದರೆ ಡಾಕ್ಟರ ಜೊತೆ ಕೂತು ಬೇರೆ ದಾರಿ ಹುಡುಕಲಿ, ಬರೀ ಅನ್ನದ ಮೇಲೆ ಮರಿ ಬೆಳೆಯುವುದಿಲ್ಲ.

ಆಹಾರವೇ ಕಾರಣವಾಗಿದ್ದರೆ ಹೊಟ್ಟೆ ಸಾಮಾನ್ಯವಾಗಿ ಎರಡು ವಾರದಲ್ಲೇ ಹದಕ್ಕೆ ಬರುತ್ತದೆ. ಚರ್ಮದ ತುರಿಕೆ ಇಳಿಯಲು ಎಂಟು ವಾರ ಬೇಕು. ಎರಡು ವಾರಕ್ಕೆ ಮಲ ಗಟ್ಟಿಯಾಯಿತೆಂದು ಮೂರನೇ ವಾರ ಕೋಳಿ ಕಾಲು ಎಸೆದರೆ ಅಲ್ಲಿಗೆ ಎಲ್ಲ ನೀರುಪಾಲು. ಎಂಟು ವಾರ ಮುಗಿದ ಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಕೊಟ್ಟು ನೋಡಿ. ಮೊದಲು ಗೋಧಿ, ಒಂದೆರಡು ವಾರ ಕಾಯಿರಿ. ಏನೂ ಆಗದಿದ್ದರೆ ಮುಂದಿನದು. ಯಾವುದು ಕೊಟ್ಟಾಗ ಬೇಧಿ ಮರಳಿತೋ ಅದೇ ಕಳ್ಳ. ಹಳೆಯ ಕ್ಯಾಲೆಂಡರಿನ ಮೇಲೆ ದಿನದಿನದ್ದು ಗುರುತು ಹಾಕಿಟ್ಟರೆ ಅದಕ್ಕಿಂತ ಒಳ್ಳೆಯ ರಿಪೋರ್ಟ್ ಇಲ್ಲ. ಪಟ್ಟಣದಲ್ಲಿ ರಕ್ತ ತೆಗೆದು ಆಹಾರದ ಅಲರ್ಜಿಗೆ ಪರೀಕ್ಷೆ ಮಾಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ನಾಯಿಯ ಆಹಾರ ಅಲರ್ಜಿಗೆ ಆ ಪರೀಕ್ಷೆ ನಂಬುವಂಥದಲ್ಲ. ಈ ಎಂಟು ವಾರವೇ ಪರೀಕ್ಷೆ.

ಇದರಲ್ಲಿ ಕಷ್ಟದ ಭಾಗ ಅಡುಗೆ ಅಲ್ಲ, ಜನ. ಮನೆಯಲ್ಲಿ ಆರು ಮಂದಿ ಇದ್ದರೆ ಐವರು ಕಟ್ಟುನಿಟ್ಟಾಗಿದ್ದು ಒಬ್ಬರು ಟೀ ಜೊತೆ ಅರ್ಧ ಬಿಸ್ಕತ್ತು ಎಸೆದರೂ ಸಾಕು. "ಪಾಪ, ಬಾಯಿ ನೋಡ್ತಾ ಕೂತಿತ್ತು" ಎನ್ನುತ್ತಾರೆ. ಪಾಪ ನಿಜ, ಆದರೆ ರಾತ್ರಿಯೆಲ್ಲ ಹೊಟ್ಟೆ ನುಲಿದು ಒದ್ದಾಡುವುದೂ ಅದೇ ನಾಯಿ. ಎಂಟು ವಾರ ಬೀದಿಯಲ್ಲಿ ಬಿಟ್ಟು ತಿರುಗಿಸಬೇಡಿ. ತಿಪ್ಪೆಗೆ, ಕೋಳಿ ಅಂಗಡಿ ಕಡೆಗೆ ಹೋಗದಂತೆ ಉದ್ದ ಹಗ್ಗದಲ್ಲಿ ನೆರಳಿಗೆ ಕಟ್ಟಿ, ಹೊತ್ತಿಗೆ ಸರಿಯಾಗಿ ನೀವೇ ತಿರುಗಾಡಿಸಿ. ಪಕ್ಕದ ಮನೆಯವರಿಗೂ ಶಾಲೆ ಮಕ್ಕಳಿಗೂ ಹೇಳಿ. ಮಕ್ಕಳು ಕೇಳುತ್ತಾರೆ, ದೊಡ್ಡವರೇ ಕೇಳುವುದಿಲ್ಲ.

ಎಲ್ಲ ಬೇಧಿಯೂ ಊಟದಿಂದ ಬರುವುದಿಲ್ಲ. ರಕ್ತಬೇಧಿ, ನಿಲ್ಲದ ವಾಂತಿ, ಮರಿ ಮಂಕಾಗಿ ಮಲಗಿಬಿಡುವುದು ಪಾರ್ವೋ ಆಗಿರಬಹುದು. ಅದಕ್ಕೆ ಅವತ್ತೇ ಡಾಕ್ಟರು ಬೇಕು. ಹೊಟ್ಟೆಬಾಕನಂತೆ ತಿಂದೂ ಸೊರಗುವ, ರಾಶಿ ರಾಶಿ ಜಿಡ್ಡು ಮಲ ಹಾಕುವ ಎಳೆಯ ಜರ್ಮನ್ ಶೆಫರ್ಡ್‌ಗೆ ಮೇದೋಜೀರಕ ಗ್ರಂಥಿಯ ತೊಂದರೆ ಇರಬಹುದು. ಅದಕ್ಕೆ ಬೇರೆಯೇ ಔಷಧಿ ಇದೆ. ಬಹಳ ದಿನ ಬೇಧಿಯಾದ ನಾಯಿಗೆ ಬಿ12 ಜೀವಸತ್ವ ಕುಸಿದಿರುತ್ತದೆ. ಅಂಥ ನಾಯಿಗೆ ಬಿ12 ಸೂಜಿ ಕೊಡಿಸಿದರೆ ನಮ್ಮ ತಕರಾರಿಲ್ಲ. ಮನುಷ್ಯರ ನೋವಿನ ಮಾತ್ರೆ, ಜ್ವರದ ಮಾತ್ರೆ ಮಾತ್ರ ಖಂಡಿತ ಬೇಡ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ.

ಇಷ್ಟೆಲ್ಲ ಜನರಿಗೆ ಹೇಳಿ ಸರ್ಕಾರವನ್ನು ಬಿಟ್ಟುಬಿಡಲು ನಮಗೆ ಮನಸ್ಸಿಲ್ಲ. ಹೋಬಳಿಯ ಪಶು ಆಸ್ಪತ್ರೆಗೆ ನಾಯಿ ಹಿಡಿದುಕೊಂಡು ಹೋದರೆ "ನಾಯಿ ಇಲ್ಲಿ ನೋಡಲ್ಲ, ಸಿಟಿಗೆ ಹೋಗಿ" ಎನ್ನುವ ಮಾತನ್ನು ನಾವು ಕೇಳಿದ್ದೇವೆ. ಒಬ್ಬರೇ ಡಾಕ್ಟರು ಹತ್ತಾರು ಹಳ್ಳಿ ಸುತ್ತುತ್ತಾರೆ, ಕಾಲುಬಾಯಿ ಜ್ವರದ ಲಸಿಕೆ, ಚರ್ಮಗಂಟು ರೋಗದ ಓಡಾಟ ಅವರ ಮೇಲೇ ಇದೆ, ಒಪ್ಪುತ್ತೇವೆ. ಆದರೆ ಹಸುವಿನ ಸಗಣಿಯಲ್ಲಿ ಜಂತಿನ ಮೊಟ್ಟೆ ಹುಡುಕುವ ಸೂಕ್ಷ್ಮದರ್ಶಕಕ್ಕೆ ನಾಯಿಯ ಮಲವೂ ಕಾಣುತ್ತದೆ. ಅದೇ ಗಾಜು, ಅದೇ ಹತ್ತು ನಿಮಿಷ. ಇದು ನಾಯಿ ಪ್ರೀತಿಯ ಮಾತಷ್ಟೇ ಅಲ್ಲ. ನಾಯಿಯ ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಮಣ್ಣಿನ ಕೈ ಬಾಯಿಗೆ ಹಾಕಿದ ಮಗುವಿನ ಮೈ ಸೇರಿ ಕಣ್ಣಿಗೂ ಹಾನಿ ಮಾಡಬಲ್ಲದು. 2005ರಲ್ಲಿ ಮುಧೋಳ ನಾಯಿಯ ಅಂಚೆ ಚೀಟಿ ಬಂದಾಗ ಹೆಮ್ಮೆಪಟ್ಟ ನಾಡು ನಮ್ಮದು. ಮುಧೋಳದ ಬಳಿ ತಿಮ್ಮಾಪುರದಲ್ಲಿ ನಾಯಿಗಳಿಗೇ ಒಂದು ಸಂಶೋಧನಾ ಕೇಂದ್ರವೂ ಇದೆ. ನಮ್ಮ ಜಗಲಿಯ ನಾಯಿಯ ಮಲ ಪರೀಕ್ಷೆಗೆ ಮಾತ್ರ ಜಾಗವಿಲ್ಲ. ವಾರದಲ್ಲಿ ಒಂದು ಹೊತ್ತು ನಾಯಿಗಳಿಗೆಂದು ಗೊತ್ತುಮಾಡಿ ಆಸ್ಪತ್ರೆ ಗೋಡೆಯ ಮೇಲೆ ಬರೆಯಿಸಿ ಎನ್ನುವುದು ನಮ್ಮ ಬೇಡಿಕೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಇದಕ್ಕಿಂತ ಚಿಕ್ಕ ಬೇಡಿಕೆ ಇರಲಾರದು.

ಮಾರುವವರಿಗೂ ಒಂದು ಮಾತು. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೂವತ್ತು ದಿನದ ಲ್ಯಾಬ್ರಡಾರ್ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಳ್ಳಿಗೆ ಕಳಿಸಿ "ಹಾಲು ಬಿಸ್ಕತ್ತು ಹಾಕಿ" ಎಂದು ಹೇಳುವ ವ್ಯಾಪಾರ ಆದರೂ ನಡೆದೇ ಇದೆ. ಹೊಟ್ಟೆ ಕೆಡುವುದು ಶುರುವಾಗುವುದೇ ಅಲ್ಲಿ. ಮರಿ ಕೊಳ್ಳುವಾಗ ವಯಸ್ಸು ಕೇಳಿ, ಲಸಿಕೆ ಕಾರ್ಡ್ ಕೇಳಿ, ಇದುವರೆಗೆ ಏನೇನು ತಿಂದಿದೆ ಎಂದು ಕೇಳಿ.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಡಾಬಾದ ಒಂದು ಪ್ಲೇಟ್ ಊಟದಷ್ಟೂ ಇಲ್ಲ. ಕಾನೂನು ನಾಯಿಗೆ ಕಟ್ಟಿದ ಬೆಲೆ ಅದು. ನಾವೂ ಅಷ್ಟೇ ಕಟ್ಟಬೇಕೆಂದೇನೂ ಇಲ್ಲ. ನಿಮ್ಮ ಮನೆಯ ನಾಯಿಗೆ ಮೂರು ವಾರದಿಂದ ಬೇಧಿ ಇದ್ದರೆ ನಾಳೆ ಬೆಳಿಗ್ಗೆ ಹಾಲಿನ ಬಟ್ಟಲು ಎತ್ತಿಡಿ, ಬಿಸ್ಕತ್ತಿನ ಡಬ್ಬ ಮೇಲಿನ ಅಟ್ಟಕ್ಕೆ ಹಾಕಿ, ಮಲದ ಡಬ್ಬಿ ಹಿಡಿದು ಪಶು ಆಸ್ಪತ್ರೆಗೆ ಹೋಗಿ. ನೋಡುವುದಿಲ್ಲ ಎಂದರೆ, ನೋಡುವುದಿಲ್ಲ ಎಂದು ಬರೆದು ಕೊಡಿ ಎಂದು ಕೇಳಿ.