ಕ್ಲಿಂಗಾನನಿಗೂ ಒಬ್ಬ ಅರ್ಥಧಾರಿ

ಸಿನಿಮಾ ಅಥವಾ ಟಿವಿ ಸರಣಿಯೊಂದು ಗೆದ್ದ ಮೇಲೆ ಅದರ ಹೆಸರು ಹೊತ್ತು ಬರುವ ವೈಜ್ಞಾನಿಕ ಕಾದಂಬರಿಗಳನ್ನು ಓದಬೇಕೇ? ಓದಬೇಕು ಎಂದೇ ನಾನು ಹೇಳುವುದು. ಸಿಕ್ಕಿದ್ದೆಲ್ಲವನ್ನೂ ಅಲ್ಲ, ಆದರೆ ಹುಡುಕಿ ಓದಬೇಕಾದವು ಅವುಗಳಲ್ಲಿ ಖಂಡಿತ ಇವೆ. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ರಜೆ ಬಂದಾಗ ಮಂಗಳೂರಿನ ನಂತೂರು, ಮರೋಳಿ, ಕದ್ರಿ ಸುತ್ತಿನ ತಾಳಮದ್ದಳೆ ಕೂಟಗಳಲ್ಲಿ ಅರ್ಥ ಹೇಳುವವನು ನಾನು. ಈ ಪುಸ್ತಕಗಳನ್ನು ನಾನು ಗೌರವದಿಂದ ನೋಡುವುದಕ್ಕೆ ಪಾಠಕ್ಕಿಂತ ಕೂಟವೇ ಹೆಚ್ಚು ಕಾರಣ.

ಈಚೆಗೆ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಬೇಸರದಿಂದ ಮಾತಾಡಿದರು. ಮಗ ಯಾವಾಗ ನೋಡಿದರೂ 'ಸ್ಟಾರ್ ವಾರ್ಸ್' ಕಾದಂಬರಿ ಹಿಡಿದುಕೊಂಡಿರುತ್ತಾನೆ, ಓದುವುದಾದರೆ ಕಾರಂತರನ್ನೋ ತೇಜಸ್ವಿಯವರನ್ನೋ ಓದಬಾರದೇ, ಸಿನಿಮಾದವರು ವ್ಯಾಪಾರಕ್ಕೆ ಬರೆಸಿದ್ದನ್ನು ಓದಿ ಏನು ಬಂತು ಎಂಬುದು ಅವರ ಪ್ರಶ್ನೆ. ಕಾಳಜಿಯ ಪ್ರಶ್ನೆ ಅದು, ತಳ್ಳಿಹಾಕುವಂಥದ್ದಲ್ಲ. ಕನ್ನಡದ ಓದುಗರಿಗೆ ಇಂಥ ಅನುಮಾನ ಬರುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಮೊದಲು ಕಾದಂಬರಿ, ಆಮೇಲೆ ಸಿನಿಮಾ. ತ್ರಿವೇಣಿಯವರ 'ಬೆಳ್ಳಿಮೋಡ', 'ಶರಪಂಜರ', ಎಂ.ಕೆ. ಇಂದಿರಾ ಅವರ 'ಗೆಜ್ಜೆಪೂಜೆ' ಪುಟ್ಟಣ್ಣ ಕಣಗಾಲರ ಕೈಗೆ ಬಂದದ್ದು ಹಾಗೆ. ತರಾಸು ಅವರ ಮೂರು ಕಾದಂಬರಿಗಳು ಸೇರಿ 1972ರಲ್ಲಿ 'ನಾಗರಹಾವು' ಆದದ್ದೂ ಹಾಗೆಯೇ. ಪುಸ್ತಕ ಕೊಡುತ್ತದೆ, ಪರದೆ ಪಡೆಯುತ್ತದೆ. ಪರದೆಯಿಂದ ಪುಸ್ತಕಕ್ಕೆ ಬರುವ ದಾರಿ ನಮಗೆ ಅಷ್ಟಾಗಿ ರೂಢಿಯಿಲ್ಲ. ತೀರಾ ಈಚೆಗೆ 'ಬಾಹುಬಲಿ'ಯ ಶಿವಗಾಮಿಯ ಬಾಲ್ಯವನ್ನು ಆನಂದ್ ನೀಲಕಂಠನ್ 2017ರಲ್ಲಿ ಇಂಗ್ಲಿಷ್ ಕಾದಂಬರಿಯಾಗಿಸಿದಾಗಲೂ ನಮ್ಮ ಕಡೆ ಅದನ್ನು ಸಾಹಿತ್ಯವೆಂದು ಚರ್ಚೆಗೆ ಎತ್ತಿಕೊಂಡವರು ಕಡಿಮೆ.

ಆದರೆ ಇನ್ನೊಬ್ಬರು ಕಟ್ಟಿದ ಲೋಕದೊಳಗೆ, ಇನ್ನೊಬ್ಬರು ಹಾಕಿದ ಗೆರೆ ದಾಟದೆ, ತನ್ನದನ್ನು ಹೇಳುವ ಕಲೆ ಕರಾವಳಿಗೆ ಹೊಸತೇ? ತಾಳಮದ್ದಳೆಯಲ್ಲಿ ಆಗುವುದೆಲ್ಲ ಅದೇ ಅಲ್ಲವೇ? ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳನ್ನೇ ನೋಡಿ. ವಾಲಿ ಸಾಯುತ್ತಾನೆಂದು ಸಭೆಯ ಕೊನೆಯ ಸಾಲಿನಲ್ಲಿ ಕೂತ ಮಗುವಿಗೂ ಗೊತ್ತು. ಭಾಗವತರು ಹಾಡಿದ ಪದದ ಆಶಯ ಬಿಟ್ಟು ಅರ್ಥಧಾರಿ ಅತ್ತಿತ್ತ ಹೋಗುವಂತಿಲ್ಲ. ವಾಲಿಯನ್ನು ಬದುಕಿಸುವಂತಿಲ್ಲ, ರಾಮನ ಕೈಯಿಂದ ಬಾಣ ಕಿತ್ತುಕೊಳ್ಳುವಂತಿಲ್ಲ. ಇಷ್ಟು ಕಟ್ಟುಪಾಡಿನ ನಡುವೆಯೇ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳಿದರೆ ಮರೆಯಿಂದ ಬಂದ ಬಾಣದ ನ್ಯಾಯಾನ್ಯಾಯ ಆ ಕ್ಷಣದಲ್ಲೇ ಮೊದಲ ಸಲ ಎದ್ದ ಪ್ರಶ್ನೆಯಂತೆ ಕೇಳುತ್ತಿತ್ತು. ಕಥೆ ಗೊತ್ತಿದೆ ಎಂದು ಎದ್ದು ಹೋದವರಿಲ್ಲ. ಕಥೆ ಗೊತ್ತಿದ್ದುದರಿಂದಲೇ ಮಾತಿನ ಹೊಸತನ ಗೊತ್ತಾಗುತ್ತಿತ್ತು. ಕೋಟೆಕಾರಿನ ಅಮೃತ ಸೋಮೇಶ್ವರರು ನಮ್ಮ ಕಾಲದಲ್ಲೇ ಕುಳಿತು ಪುರಾಣಲೋಕಕ್ಕೆ ಹೊಸ ಪ್ರಸಂಗಗಳನ್ನು ಬರೆದುಕೊಟ್ಟರು. ಲೋಕ ಅವರದಲ್ಲ, ಆದ್ದರಿಂದ ಅದು ಎರವಲು ಸಾಹಿತ್ಯ ಎಂದು ನಾವು ಯಾರೂ ಹೇಳಲಿಲ್ಲ.

ಈ ಕಣ್ಣಿನಿಂದ ನೋಡಿದ ಕಾರಣ ಜಾನ್ ಎಂ. ಫೋರ್ಡ್ 1984ರಲ್ಲಿ ಬರೆದ 'ದಿ ಫೈನಲ್ ರಿಫ್ಲೆಕ್ಷನ್' ನನ್ನನ್ನು ಹಿಡಿದು ಕೂರಿಸಿತು. ಅಮೆರಿಕದಿಂದ ಬಂದಿದ್ದ ಸೋದರಳಿಯ ಬಿಟ್ಟುಹೋದ ಹಳದಿ ಹಾಳೆಯ ಪ್ರತಿ ಅದು. ಶಾಲೆಗೆ ಹೋಗಿಬರುವ ಬಸ್ಸಿನಲ್ಲಿ ಓದಿದೆ. ನಂತೂರು ಸರ್ಕಲ್‌ನಲ್ಲಿ ಮೂಡುಬಿದಿರೆ ರಸ್ತೆಯ ವಾಹನಗಳೂ ಹೆದ್ದಾರಿಯ ಲಾರಿಗಳೂ ಒಂದಕ್ಕೊಂದು ಅಡ್ಡ ನಿಂತಾಗ ಓದಲು ಧಾರಾಳ ಸಮಯ ಸಿಗುತ್ತದೆ.

'ಸ್ಟಾರ್ ಟ್ರೆಕ್' ಟಿವಿ ಸರಣಿ ಶುರುವಾದದ್ದು 1966ರಲ್ಲಿ, ಅದರಲ್ಲಿ ಕ್ಲಿಂಗಾನ್ ಎಂಬ ಶತ್ರುಜನಾಂಗ ಕಾಣಿಸಿಕೊಂಡದ್ದು ಮರುವರ್ಷ. ನಾಯಕ ಕರ್ಕ್‌ನ ನೌಕೆಗೆ ಅಡ್ಡ ಬರುವುದು, ಗದರುವುದು, ಸೋಲುವುದು ಬಿಟ್ಟರೆ ಅವರಿಗೆ ಅಲ್ಲಿ ಹೆಚ್ಚಿನ ಕೆಲಸವಿರಲಿಲ್ಲ. ಫೋರ್ಡ್ ತಮ್ಮ ಇಡೀ ಕಾದಂಬರಿಯನ್ನು ಅವರ ಕಡೆಯಿಂದ ಹೇಳಿದರು. ವ್ರೆನ್ ಎಂಬ ಅನಾಥ ಕ್ಲಿಂಗಾನ್ ಹುಡುಗ. ವಂಶದ ಹೆಸರಿಲ್ಲ, ಹಿಂದೆಮುಂದೆ ಯಾರೂ ಇಲ್ಲ. ಅಲ್ಲಿನ ಚದುರಂಗದಂಥ ಆಟವೊಂದರಲ್ಲಿ ಕಾಯಿಗಳ ಬದಲು ಜೀವಂತ ಹುಡುಗರನ್ನೇ ನಿಲ್ಲಿಸುತ್ತಾರೆ. ಹಾಗೆ ಕಾಯಿಯಾಗಿ ನಿಂತವನನ್ನು ಒಬ್ಬ ಸೇನಾತಂತ್ರಜ್ಞ ಗುರುತಿಸಿ ಮಗನನ್ನಾಗಿ ಮಾಡಿಕೊಳ್ಳುತ್ತಾನೆ. ಮುಂದೆ ಆ ಮನೆತನವೇ ಅಳಿಯುತ್ತದೆ, ಹುಡುಗ ಬೇರೆ ಹೆಸರಿನಲ್ಲಿ ನೌಕೆಯ ನಾಯಕನಾಗುತ್ತಾನೆ. ಕ್ಲಿಂಗಾನ್ ಸಾಮ್ರಾಜ್ಯಕ್ಕೆ ನೇಮಕವಾದ ರಾಯಭಾರಿಯನ್ನು ಭೂಮಿಯಿಂದ ಕರೆತರುವ ಕೆಲಸ ಅವನ ಪಾಲಿಗೆ ಬರುತ್ತದೆ. ಆ ರಾಯಭಾರಿ ಯುದ್ಧ ಬೇಡವೆನ್ನುವ ವೃದ್ಧ, ಹೆಸರು ಇಮ್ಯಾನುವೆಲ್ ಟಾಗೋರ್. ಠಾಕೂರರ ಹೆಸರು ಆ ಪುಟದಲ್ಲಿ ಎದುರಾದಾಗ ನನಗಾದ ಖುಷಿಯನ್ನು ಹೇಳದೆ ಇರಲಾರೆ.

ಟಿವಿ ಸರಣಿಯ ಒಂದು ನಿಯಮವನ್ನೂ ಫೋರ್ಡ್ ಮುರಿಯಲಿಲ್ಲ. ಕಥೆಯನ್ನು ಕರ್ಕ್‌ನ ಕಾಲಕ್ಕಿಂತ ಹಿಂದಕ್ಕೆ ಒಯ್ದರು, ಅದನ್ನು ಒಂದು ಕಾದಂಬರಿಯೆಂದು ಸ್ವತಃ ಕರ್ಕ್ ಓದುವಂತೆ ಚೌಕಟ್ಟು ಹಾಕಿದರು, ಅಷ್ಟೆ. ಆ ಚೌಕಟ್ಟಿನೊಳಗೆ ಎದುರಾಳಿಗೆ ತಾಯ್ನೆಲ, ಆಟ, ಮರ್ಯಾದೆ, ದುಃಖ ಎಲ್ಲವೂ ಸಿಕ್ಕವು. ಪುಸ್ತಕ ಮುಗಿಸಿದ ಮೇಲೆ ಹಳೆಯ ಕಂತುಗಳನ್ನು ನೋಡಿದರೆ ಕ್ಲಿಂಗಾನನ ಗದರಿಕೆಯ ಹಿಂದೆ ಒಂದು ಮನೆ ಕಾಣುತ್ತದೆ. ನಮ್ಮ ಕೂಟದಲ್ಲಿ ರಾವಣನಿಗೆ, ಕೌರವನಿಗೆ, ಮಾಗಧನಿಗೆ ಸಿಗುವ ನ್ಯಾಯ ಇದು. ಎದುರು ಪಕ್ಷದ ಅರ್ಥ ಹೇಳುವವನು ದುರ್ಬಲನಾದರೆ ಕೂಟವೇ ಸಪ್ಪೆಯಾಗುತ್ತದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮುಂದಿನ ಟಿವಿ ಸರಣಿಗಳು ಕ್ಲಿಂಗಾನರನ್ನು ಬೇರೆ ರೀತಿಯಲ್ಲಿ ಚಿತ್ರಿಸಿದವು, ಫೋರ್ಡ್ ಹೇಳಿದ್ದು ಅಧಿಕೃತ ಇತಿಹಾಸವಾಗಿ ಉಳಿಯಲಿಲ್ಲ. ಅದರಿಂದ ಕಾದಂಬರಿ ಒಂದು ಗುಲಗಂಜಿಯಷ್ಟೂ ಹಗುರವಾಗಿಲ್ಲ.

ಇನ್ನು ಕೆಲವು ಸಲ ಪುಸ್ತಕವೇ ಪರದೆಗೆ ತಿರುಗಿ ಕೊಡುತ್ತದೆ. 'ಸ್ಟಾರ್ ಟ್ರೆಕ್'ನ ಸುಲು ಎಂಬ ಪಾತ್ರಕ್ಕೆ 'ಹಿಕಾರು' ಎಂಬ ಹೆಸರಿಟ್ಟದ್ದು 1981ರ ಕಾದಂಬರಿಯಲ್ಲಿ ವೊಂಡಾ ಮ್ಯಾಕಿಂಟೈರ್. ಪರದೆಯ ಮೇಲೆ ಅದು ಕೇಳಿಸಿದ್ದು 1991ರ ಚಿತ್ರದಲ್ಲಿ. ಆ 1991ರಲ್ಲೇ ತಿಮೊತಿ ಝಾನ್ 'ಏರ್ ಟು ದಿ ಎಂಪೈರ್' ಬರೆದು 'ಸ್ಟಾರ್ ವಾರ್ಸ್' ರಾಜಧಾನಿ ಗ್ರಹಕ್ಕೆ 'ಕೊರಸೆಂಟ್' ಎಂದು ಹೆಸರು ಕೊಟ್ಟರು. ಅವರು ಸೃಷ್ಟಿಸಿದ ಥ್ರಾನ್ ಎಂಬ ಸೇನಾನಿ ಯುದ್ಧಕ್ಕೆ ಮೊದಲು ಎದುರಾಳಿಯ ಚಿತ್ರ, ಶಿಲ್ಪಗಳನ್ನು ಕೂತು ನೋಡುತ್ತಾನೆ; ಒಂದು ಜನಾಂಗದ ಕಲೆ ಅರ್ಥವಾದರೆ ಅವರ ಯುದ್ಧರೀತಿಯೂ ಅರ್ಥವಾಗುತ್ತದೆಂಬುದು ಅವನ ನಂಬಿಕೆ. ಲೂಕಾಸ್‌ಫಿಲ್ಮ್ ಡಿಸ್ನಿಯ ಕೈಗೆ ಬಂದ ಮೇಲೆ, 2014ರಲ್ಲಿ, ಹಳೆಯ ಕಾದಂಬರಿಗಳನ್ನೆಲ್ಲ 'ಲೆಜೆಂಡ್ಸ್' ಎಂಬ ಪಟ್ಟಿ ಅಂಟಿಸಿ ಬದಿಗಿಟ್ಟರು. ಎರಡು ವರ್ಷ ಕಳೆದ ಮೇಲೆ ಥ್ರಾನ್ ಅನಿಮೇಷನ್ ಸರಣಿಗೆ ಬಂದ, 2023ರಲ್ಲಿ 'ಅಸೋಕಾ' ಸರಣಿಗೂ ಬಂದ. ಪುಸ್ತಕವನ್ನು ಬದಿಗಿಟ್ಟವರಿಗೇ ಅದರ ಪಾತ್ರವನ್ನು ಬಿಟ್ಟಿರಲು ಆಗಲಿಲ್ಲ.

ಹಾಗೆಂದು ಎಲ್ಲವೂ ಒಳ್ಳೆಯವಲ್ಲ. ಇವುಗಳಲ್ಲಿ ಬಹಳಷ್ಟು ಚಿತ್ರಕಥೆಯನ್ನೇ ವಾಕ್ಯಗಳಾಗಿ ಬಿಡಿಸಿಟ್ಟಂಥವು. ಪರದೆಯಲ್ಲಿ ಕಂಡದ್ದರಾಚೆ ಒಂದು ಯೋಚನೆಯೂ ಇಲ್ಲದ ಪುಸ್ತಕವನ್ನು ಇಪ್ಪತ್ತು ಪುಟಕ್ಕೇ ಮುಚ್ಚಿಡಬಹುದು, ಮಕ್ಕಳಿಗೂ ನಾನು ಹಾಗೆಯೇ ಹೇಳುತ್ತೇನೆ. ಲೋಕದ ಒಡೆಯ ಮುಂದೇನು ಮಾಡುತ್ತಾನೆಂಬುದು ತಿಳಿಯದೆ ಬರೆಯುವ ಕಷ್ಟವೂ ಇದೆ. 1978ರಲ್ಲಿ ಅಲನ್ ಡೀನ್ ಫಾಸ್ಟರ್ ಬರೆದ 'ಸ್ಟಾರ್ ವಾರ್ಸ್' ಕಾದಂಬರಿಯಲ್ಲಿ ಲ್ಯೂಕ್, ಲೇಯಾ ನಡುವೆ ಪ್ರೇಮದ ಸುಳಿವಿದೆ. ಐದು ವರ್ಷದ ನಂತರದ ಚಿತ್ರ ಅವರಿಬ್ಬರೂ ಅಣ್ಣ ತಂಗಿ ಎಂದಿತು.

ಅದೇ ಫಾಸ್ಟರ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಮೊದಲ 'ಸ್ಟಾರ್ ವಾರ್ಸ್' ಕಾದಂಬರಿ ಬಂದದ್ದು ಚಿತ್ರಕ್ಕಿಂತ ಆರು ತಿಂಗಳು ಮುಂಚೆ, 1976ರ ಕೊನೆಗೆ. ಮುಖಪುಟದಲ್ಲಿ ಜಾರ್ಜ್ ಲೂಕಾಸ್ ಹೆಸರಿತ್ತು, ಬರೆದವರು ಫಾಸ್ಟರ್. 2020ರಲ್ಲಿ, ಮುಪ್ಪಿನಲ್ಲಿ, ತಮಗೆ ಬರಬೇಕಾದ ಗೌರವಧನ ಬರುತ್ತಿಲ್ಲವೆಂದು ಅವರು ಬಹಿರಂಗವಾಗಿ ಹೇಳಬೇಕಾಯಿತು. ಅಮೆರಿಕದ ವೈಜ್ಞಾನಿಕ ಕಥೆಗಾರರ ಸಂಘ ಅವರ ಬೆನ್ನಿಗೆ ನಿಂತ ಮೇಲೆಯೇ ಅದು ಇತ್ಯರ್ಥವಾದದ್ದು. ಇಂಥ ಪುಸ್ತಕಗಳಿಗೆ ಸಾಹಿತ್ಯದ ಗೌರವ ಇಲ್ಲವೆಂದು ನಾವು ಸಲೀಸಾಗಿ ಹೇಳಿಬಿಡುವುದರ ಪೆಟ್ಟು ಬೀಳುವುದು ಬರೆದವರ ಮೇಲೆ. ಸರಣಿಯ ಹೆಸರಿಗಿಂತ ಮೊದಲು ಲೇಖಕನ ಹೆಸರು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು. ಪುಸ್ತಕ ಆರಿಸಲಿಕ್ಕೂ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ, ಮನು ಅವರಂಥವರು ವೈಜ್ಞಾನಿಕ ಕಾದಂಬರಿಗೆ ದುಡಿದಿದ್ದಾರೆ. ಅವರು ಕಟ್ಟಿದ ಲೋಕಗಳೊಳಗೆ ಹೊಕ್ಕು, ಅವರ ಒಪ್ಪಿಗೆಯಿಂದ, ಮುಂದಿನವರೂ ಬರೆಯುತ್ತ ಹೋಗಿದ್ದರೆ ಇವತ್ತು ಎಂಟನೇ ತರಗತಿಯ ಹುಡುಗನಿಗೆ ಕನ್ನಡದ್ದೇ ಒಂದು ಸಾಲು ಪುಸ್ತಕ ಸಿಗುತ್ತಿತ್ತು. 'ಕಾಂತಾರ'ದಂಥ ಚಿತ್ರಗಳು ಊರಿಗೆ ಊರನ್ನೇ ಚಿತ್ರಮಂದಿರಕ್ಕೆ ಎಳೆದು ತಂದಿವೆ. ಆ ಕಾಡಿನ ಕಥೆಯನ್ನು ಅರಣ್ಯಾಧಿಕಾರಿಯ ಕಡೆಯಿಂದ ಹೇಳುವ ಗಟ್ಟಿ ಕಾದಂಬರಿಯೊಂದನ್ನು ಸಮರ್ಥ ಲೇಖಕರಿಂದ ಬರೆಸಲು ನಿರ್ಮಾಪಕರೂ ಪ್ರಕಾಶಕರೂ ಯಾಕೆ ಮನಸ್ಸು ಮಾಡಬಾರದು? ಹೊಸ ಪ್ರಸಂಗ ಬಂತೆಂದರೆ ರಾತ್ರಿಯಿಡೀ ಕೂತು ನೋಡುವ ಜನ ಅದನ್ನು ಓದುವುದಿಲ್ಲವೆಂದು ನಾನು ನಂಬುವುದಿಲ್ಲ.

ಆ ತಂದೆಗೆ ನಾನು ಹೇಳಿದ್ದು ಐಸಾಕ್ ಅಸಿಮೋವರ ಹೆಸರು. ಅಸಿಮೋವ್ ಬೇಡವೆನ್ನುವ ವಿಜ್ಞಾನಪ್ರೇಮಿ ಇಲ್ಲ, ಅವರೂ 1966ರಲ್ಲಿ 'ಫೆಂಟಾಸ್ಟಿಕ್ ವಾಯೇಜ್' ಚಿತ್ರಕ್ಕೆ ಕಾದಂಬರಿ ಬರೆದುಕೊಟ್ಟರು. ಜಲಾಂತರ್ಗಾಮಿಯೊಂದನ್ನು ಸಿಬ್ಬಂದಿ ಸಮೇತ ಕಣ್ಣಿಗೆ ಕಾಣದಷ್ಟು ಕುಗ್ಗಿಸಿ, ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ವಿಜ್ಞಾನಿಯ ದೇಹದೊಳಕ್ಕೆ ಚುಚ್ಚುವ ಕಥೆ. ಒಂದು ಗಂಟೆ ಕಳೆದರೆ ಎಲ್ಲವೂ ಮೊದಲಿನ ಗಾತ್ರಕ್ಕೆ ಬರುತ್ತದೆ. ಚಿತ್ರದಲ್ಲಿ ಜನರೇನೋ ಕಣ್ಣೀರಿನ ದಾರಿಯಾಗಿ ಹೊರಬೀಳುತ್ತಾರೆ, ಬಿಳಿರಕ್ತಕಣ ನುಂಗಿದ ನೌಕೆ ಮಾತ್ರ ಒಳಗೇ ಉಳಿಯುತ್ತದೆ. ನೌಕೆ ಅಲ್ಲೇ ದೊಡ್ಡದಾದರೆ ರೋಗಿಯ ಗತಿ? ಅಸಿಮೋವ್ ಇದನ್ನು ಬಿಡಲಿಲ್ಲ. ಕಾದಂಬರಿಯಲ್ಲಿ ಆ ಬಿಳಿರಕ್ತಕಣವೇ ನೌಕೆಯ ಅವಶೇಷದೊಂದಿಗೆ ಹೊರಗೆ ಬರುವಂತೆ ಮಾಡಿದರು. ಚಿತ್ರ ತಡವಾಯಿತು, ಅವರು ಬೇಗ ಬರೆದರು, ಪುಸ್ತಕವೇ ಮೊದಲು ಬಂತು. ಅಷ್ಟಾದರೂ ಅವರಿಗೆ ಸಮಾಧಾನವಿರಲಿಲ್ಲ, 1987ರಲ್ಲಿ ಅದೇ ಯೋಚನೆಯನ್ನು ತಮ್ಮದೇ ಬೇರೆ ಕಾದಂಬರಿಯಾಗಿ ಬರೆದರು.

ಬೇಸಗೆ ರಜೆಗೆ ಮೊದಲು ತರಗತಿಗೆ ಆ ಚಿತ್ರ ತೋರಿಸಿ ಆಮೇಲೆ ಪುಸ್ತಕ ಕೊಡಬೇಕೆಂದಿದ್ದೇನೆ. ಚಿತ್ರದ ಯಾವ ತಪ್ಪನ್ನು ಲೇಖಕರು ತಿದ್ದಿದರು, ಯಾವುದನ್ನು ತಿದ್ದಲು ಸಾಧ್ಯವೇ ಇರಲಿಲ್ಲ ಎಂದು ಮಕ್ಕಳೇ ಹುಡುಕಿ ಬರೆಯಲಿ. ಕುಗ್ಗಿದ ಮನುಷ್ಯನ ತೂಕ ಎಲ್ಲಿಗೆ ಹೋಯಿತು? ಕುಗ್ಗದ ಆಮ್ಲಜನಕದ ಅಣು ಕುಗ್ಗಿದ ಶ್ವಾಸಕೋಶದೊಳಗೆ ಹಿಡಿಸುವುದಾದರೂ ಹೇಗೆ?