ಅಗ್ಗದ ದಾರದ ದುಬಾರಿ ಲೆಕ್ಕ

‘ಕಾಸಿಗೆ ತಕ್ಕ ಕಜ್ಜಾಯ’ ಎಂಬುದು ಹಳೆಯ ಗಾದೆ. ಆದರೆ ಕಸೂತಿ ಯಂತ್ರಕ್ಕೆ ಕಳಪೆ ದಾರವನ್ನು ಪೋಣಿಸಿದವರಿಗೆ ಕೊಟ್ಟ ಕಾಸಿನ ಕಜ್ಜಾಯವೂ ದಕ್ಕುವುದಿಲ್ಲ.

ಸಾಲ ಮಾಡಿ ಕಂಪ್ಯೂಟರ್ ಕಸೂತಿ ಯಂತ್ರವನ್ನು ಕೊಂಡ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಮದುವೆಯ ಕಾಲ, ರವಿಕೆಗಳ ರಾಶಿ ಬಿದ್ದಿದೆ. 5000 ಮೀಟರ್ ದಾರದ ಕೋನೊಂದು 50 ರೂಪಾಯಿ ಕಡಿಮೆಗೆ ದೊರೆಯಿತೆಂದು ಆಕೆ ಹಿಗ್ಗುತ್ತಾಳೆ. ಸಾವಿರ ಹೊಲಿಗೆಗೆ ಮೇಲ್ದಾರ ಸುಮಾರು 5 ಮೀಟರ್ ಬೇಕು. 20,000 ಹೊಲಿಗೆಗಳ ರವಿಕೆಗೆ 100 ಮೀಟರ್; ಒಂದು ಕೋನಿಗೆ 50 ರವಿಕೆ. ಆದ ಉಳಿತಾಯ ರವಿಕೆಗೆ ಒಂದೇ ರೂಪಾಯಿ!

ಇನ್ನು ಖರ್ಚಿನ ಬಾಬತ್ತು. ನಿಮಿಷಕ್ಕೆ 800 ಹೊಲಿಗೆ ಹಾಕುವ ಯಂತ್ರಕ್ಕೆ ಈ ಕೆಲಸ 25 ನಿಮಿಷದ್ದು. ಕಳಪೆ ದಾರ ಒಂದೆಡೆ ದಪ್ಪ, ಒಂದೆಡೆ ತೆಳು, ಹುರಿಯೂ ಸಡಿಲ. ಸೂಜಿಯ ಕಣ್ಣಿನಲ್ಲಿ ಉಜ್ಜಿ, ಎಳೆಬಿಟ್ಟು ಕಡಿಯುತ್ತದೆ. ಕಡಿದಾಗಲೆಲ್ಲ ಮತ್ತೆ ಪೋಣಿಸಿ, ಕೆಲವು ಹೊಲಿಗೆ ಹಿಂದೆ ಸರಿದು ಆರಂಭಿಸಬೇಕು. ಒಮ್ಮೆಗೆ ಎರಡು ನಿಮಿಷವೆಂದರೂ ಹತ್ತು ಸಲ ಕಡಿದರೆ 20 ನಿಮಿಷ ವ್ಯರ್ಥ. ಹಲವು ತಲೆಗಳ ಯಂತ್ರವಾದರೆ ಒಂದು ತಲೆಯ ದಾರ ಕಡಿದಾಗ ಉಳಿದವೂ ಕೈಕಟ್ಟಿ ನಿಲ್ಲುತ್ತವೆ.

ಉದುರಿದ ನೂಲಿನ ಧೂಳು ಬಾಬಿನ್ ಗೂಡಿನಲ್ಲಿಯೂ ದಾರದ ಬಿಗಿತವನ್ನು ಹಿಡಿಯುವ ಬಿಲ್ಲೆಗಳ ನಡುವೆಯೂ ಸೇರಿಕೊಳ್ಳುತ್ತದೆ. ಆಗ ಬಿಗಿತ ತಪ್ಪಿ, ಹೊಲಿಗೆ ಏರುಪೇರಾಗುತ್ತದೆ.

ಇವೆಲ್ಲಕ್ಕಿಂತ ಕಠಿಣವಾದ ದಂಡ ಒಗೆತದ ದಿನ ಕಾದಿರುತ್ತದೆ. ಕೆನೆಬಣ್ಣದ ರೇಷ್ಮೆಯ ಮೇಲೆ ಕೆಂಪು ಹೂವಿನ ಬಣ್ಣ ಹರಿದರೆ, ಆ ರವಿಕೆಯ ಬೆಲೆಯನ್ನು ತೆರುವವರಾರು? ಬೆಲೆ ತೆತ್ತರೂ ಮುನಿದು ಹೋದ ಗಿರಾಕಿ ಮರಳುವಳೇ? ಅತ್ತ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ.

ದಾರ ಕಡಿದುದಕ್ಕೆಲ್ಲ ದಾರವೇ ಹೊಣೆಯೆನ್ನುವುದೂ ನ್ಯಾಯವಲ್ಲ. ಮೊಂಡಾದ ಸೂಜಿ, ಅತಿಯಾದ ಬಿಗಿತ ಇವೂ ಕಾರಣಗಳೇ. ಹೆಚ್ಚು ಬೆಲೆಯೊಂದೇ ಗುಣಕ್ಕೆ ಸಾಕ್ಷಿಯೂ ಅಲ್ಲ. ಆದುದರಿಂದ ಕೊಳ್ಳುವ ಮೊದಲು ಒಂದು ಮೊಳ ದಾರವನ್ನು ಬೆಳಕಿಗೆ ಹಿಡಿದು ನೋಡಬೇಕು. ಒದ್ದೆಯಾದ ಬಿಳಿಬಟ್ಟೆಯ ನಡುವೆ ಒತ್ತಿ, ಬಣ್ಣ ಬಿಡುವುದೇ ಎಂದು ಪರೀಕ್ಷಿಸಬೇಕು. ತುಂಡು ಬಟ್ಟೆಯ ಮೇಲೆ ಹೊಲಿದು ಒಗೆಯಬೇಕು. ರೇಯಾನಿಗೆ ಹೊಳಪುಂಟು, ಆದರೆ ಒದ್ದೆಯಾದಾಗ ಬಲ ಕುಂದುತ್ತದೆ. ಪದೇ ಪದೇ ಒಗೆಯುವ ಬಟ್ಟೆಗೆ ಪಾಲಿಯೆಸ್ಟರ್ ಲೇಸು.

ರವಿಕೆಗೆ ಒಂದು ರೂಪಾಯಿಯ ಉಳಿತಾಯ ಅಂಗಡಿಯಲ್ಲಿಯೇ ಕಣ್ಣಿಗೆ ಕಾಣುತ್ತದೆ. ಅದರ ಬಡ್ಡಿ ಮಾತ್ರ ಮನೆಗೆ ಬಂದಮೇಲೆ ತಿಳಿಯುತ್ತದೆ.